ಗಿರಾಕಿಯ ಅಡುಗೆಮನೆಯವರೆಗೆ ಕರೆದೊಯ್ಯುವ, ಲೆಕ್ಕದ ಪುಸ್ತಕ ತೆರೆಯದ ಕಾರ್ಯಾಗಾರ

ಸಣ್ಣ ಉದ್ದಿಮೆ ನಡೆಸುವವರಿಗೂ ಹೊಸದಾಗಿ ವ್ಯಾಪಾರ ಆರಂಭಿಸಬೇಕೆಂದಿರುವವರಿಗೂ ಡಿಸೈನ್ ಥಿಂಕಿಂಗ್ ಪದ್ಧತಿಯನ್ನು, ಅಂದರೆ ಬಳಸುವವರನ್ನು ಗಮನಿಸಿ ಪರಿಹಾರ ಹುಡುಕುವ ರೀತಿಯನ್ನು, ಕಲಿಸುವ ವಾರಾಂತ್ಯದ ಕಾರ್ಯಾಗಾರಗಳು ಈಚೆಗೆ ಬೆಂಗಳೂರಿನ ಆಚೆಗೂ ನಡೆಯತೊಡಗಿವೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಹೋಟೆಲೊಂದರ ಸಭಾಂಗಣದಲ್ಲಿ ಏರ್ಪಾಡಾಗಿದ್ದ ಅಂಥದೊಂದು ಕಾರ್ಯಾಗಾರಕ್ಕೆ ನಾನು ಶುಲ್ಕ ಕಟ್ಟಿ ಹೋಗಿದ್ದೆ. ಶನಿವಾರ ಮತ್ತು ಭಾನುವಾರ, ಬೆಳಿಗ್ಗೆಯಿಂದ ಸಂಜೆಯವರೆಗೆ ತರಗತಿ ನಡೆಯುತ್ತದೆ. ಮಧ್ಯಾಹ್ನದ ಊಟ, ಎರಡು ಹೊತ್ತಿನ ಚಹಾ, ಕಾರ್ಯಪುಸ್ತಿಕೆ ಎಲ್ಲವೂ ಸೇರಿ ಶುಲ್ಕ 4,000 ರೂಪಾಯಿಯ ಆಸುಪಾಸಿನಲ್ಲಿದೆ. ಆಹಾರ ಪದಾರ್ಥ ತಯಾರಿಸುವ ಸಣ್ಣ ಘಟಕಗಳಿಗೆ ಚೀಲ, ಡಬ್ಬಿ, ಲೇಬಲ್ ಪೂರೈಸುವುದು ನನ್ನ ಉದ್ಯೋಗ. ನಮ್ಮ ಗಿರಾಕಿಗಳಲ್ಲಿ ಹಲವರು 'ಹೊಸದೇನಾದರೂ ಮಾಡಬೇಕು' ಎನ್ನುತ್ತಲೇ ಇರುತ್ತಾರೆ. ಅವರಿಗೆ ಇದನ್ನು ಶಿಫಾರಸು ಮಾಡಬಹುದೇ ಎಂದು ತಿಳಿಯುವುದು ನನ್ನ ಉದ್ದೇಶವಾಗಿತ್ತು.

ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಹೊರಟಿರುವ ಗುಣವೂ ದೋಷವೂ ಆ ಒಂದು ಸಂಸ್ಥೆಗೆ ಸೀಮಿತವಾದವಲ್ಲ. ಇದೇ ಮಾದರಿಯಲ್ಲಿ, ಇದೇ ಸ್ಲೈಡುಗಳನ್ನಿಟ್ಟುಕೊಂಡು ನಡೆಯುವ ಬಹುತೇಕ ಕಾರ್ಯಾಗಾರಗಳಿಗೂ ಅವು ಅನ್ವಯಿಸುತ್ತವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಈಗಾಗಲೇ ಒಂದು ವ್ಯಾಪಾರವಿದ್ದು, ನಾಲ್ಕು ಜನ ಕಾಯಂ ಗಿರಾಕಿಗಳಿರುವವರಿಗೆ ಮೊದಲ ದಿನವೊಂದರಿಂದಲೇ ಈ ಹಣ ವಸೂಲಾಗುತ್ತದೆ. ಬರಿಗೈಯಲ್ಲಿ ಬಂದು 'ಐಡಿಯಾ' ಕೊಂಡೊಯ್ಯುವ ಆಸೆಯುಳ್ಳವರಿಗೆ ಇದು ಅಷ್ಟಾಗಿ ದಕ್ಕುವುದಿಲ್ಲ.

ಪದ್ಧತಿಯ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ವಸ್ತುವಿನ ವಿನ್ಯಾಸಕಾರರು ಕೆಲಸ ಮಾಡುವ ರೀತಿಯನ್ನು, ಅಂದರೆ ಬಳಸುವವರನ್ನು ಮೊದಲು ಗಮನಿಸಿ, ತೊಂದರೆ ಎಲ್ಲಿದೆಯೆಂದು ಗೊತ್ತುಮಾಡಿಕೊಂಡು, ಹಲವು ಪರಿಹಾರಗಳನ್ನು ಯೋಚಿಸಿ, ಅಗ್ಗದ ಮಾದರಿಗಳನ್ನು ಮಾಡಿ, ಬಳಸುವವರ ಕೈಗೆ ಕೊಟ್ಟು ನೋಡಿ, ಮತ್ತೆ ತಿದ್ದುವ ಕ್ರಮವನ್ನು, ವ್ಯಾಪಾರ ಮತ್ತು ಸೇವೆಗಳಿಗೂ ಒಗ್ಗಿಸಬಹುದು ಎಂಬುದು ಇದರ ತಿರುಳು. ಅಮೆರಿಕದಲ್ಲಿ 1991ರಲ್ಲಿ ಆರಂಭವಾದ ಐಡಿಯೋ ಎಂಬ ವಿನ್ಯಾಸ ಸಂಸ್ಥೆಯೂ, ಅದರ ಸ್ಥಾಪಕರಲ್ಲೊಬ್ಬರಾದ ಡೇವಿಡ್ ಕೆಲ್ಲಿ ಮುಂದಾಳತ್ವದಲ್ಲಿ, ಸ್ಯಾಪ್ ಎಂಬ ಸಾಫ್ಟ್‌ವೇರ್ ಕಂಪನಿಯ ಹಾಸೊ ಪ್ಲಾಟ್ನರ್ ಅವರ ದೇಣಿಗೆಯಿಂದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಡಿ.ಸ್ಕೂಲ್ ಎಂಬ ವಿನ್ಯಾಸ ಶಾಲೆಯೂ ಇದನ್ನು ಜಗತ್ತಿಗೆಲ್ಲ ಹಬ್ಬಿಸಿದವು. ನಮ್ಮಲ್ಲಿ ಇನ್ಫೋಸಿಸ್ 2014ರ ನಂತರದ ವರ್ಷಗಳಲ್ಲಿ ತನ್ನ ಲಕ್ಷಕ್ಕೂ ಹೆಚ್ಚು ಉದ್ಯೋಗಿಗಳಿಗೆ ಇದರ ತರಬೇತಿ ಕೊಟ್ಟ ಮೇಲೆ ಈ ಮಾತು ಕಾಲೇಜುಗಳ ಅಂಗಳಕ್ಕೂ ಇಳಿಯಿತು. ಒಳ್ಳೆಯ ಹೊಸ ಯೋಜನೆಯೊಂದು ಮೂರು ಪರೀಕ್ಷೆಗಳನ್ನು ಗೆಲ್ಲಬೇಕೆಂದು ಐಡಿಯೋದವರು ಮೂರು ವೃತ್ತಗಳ ಚಿತ್ರ ಬರೆದು ಹೇಳುತ್ತಾರೆ: ಅದು ಜನರಿಗೆ ಬೇಕಾಗಿರಬೇಕು, ನಮ್ಮಿಂದ ಮಾಡಲು ಆಗುವಂತಿರಬೇಕು, ಲೆಕ್ಕಕ್ಕೆ ಹೊಂದುವಂತಿರಬೇಕು. ಈ ಮೂರನೆಯ ವೃತ್ತದ ವಿಷಯಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಶನಿವಾರ ಬೆಳಗಿನ ಉಪನ್ಯಾಸ ಸಾಧಾರಣವಾಗಿತ್ತು. ಎಂ.ಆರ್.ಐ. ಯಂತ್ರಕ್ಕೆ ಹೆದರಿ ಅಳುತ್ತಿದ್ದ ಮಕ್ಕಳಿಗಾಗಿ ಜಿ.ಇ. ಕಂಪನಿಯ ಡಗ್ ಡೀಟ್ಜ್ ಆ ಕೋಣೆಯನ್ನೇ ಕಡಲ್ಗಳ್ಳರ ಹಡಗಿನಂತೆ ಬಣ್ಣ ಬಳಿಸಿದ್ದು, ಪ್ರವಾಸಿಗರಿಗೆ ಮನೆಗಳನ್ನು ಬಾಡಿಗೆಗೆ ಒದಗಿಸುವ ಏರ್‌ಬಿಎನ್‌ಬಿಯ ಸ್ಥಾಪಕರು 2009ರಲ್ಲಿ ನ್ಯೂಯಾರ್ಕಿನ ಮನೆಮನೆಗೆ ಹೋಗಿ ತಾವೇ ಒಳ್ಳೆಯ ಫೋಟೊ ತೆಗೆದು ವಹಿವಾಟು ಕುದುರಿಸಿಕೊಂಡದ್ದು, ಇವೆಲ್ಲ ಈ ವಿಷಯದ ಯಾವ ವಿಡಿಯೊ ತೆರೆದರೂ ಸಿಗುವ ಕಥೆಗಳು. ಸಭೆಯಲ್ಲಿ ಕುಳಿತವರಲ್ಲಿ ಶೇಂಗಾ ಎಣ್ಣೆಯ ಗಾಣದವರಿದ್ದರು, ಹೊಲಿಗೆ ತರಬೇತಿ ಕೇಂದ್ರ ನಡೆಸುವವರಿದ್ದರು, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವರಿದ್ದರು. ಇವರ ಮುಂದೆ ಏರ್‌ಬಿಎನ್‌ಬಿಗಿಂತ ಹತ್ತಿರದ ಉದಾಹರಣೆಗಳನ್ನು ಇಡಬಹುದಿತ್ತು. ಬೆಂಗಳೂರಿನಲ್ಲಿ 2005ರಲ್ಲಿ ಇಡ್ಲಿ-ದೋಸೆ ಹಿಟ್ಟಿನ ವ್ಯಾಪಾರವಾಗಿ ಆರಂಭವಾದ ಐಡಿ ಫ್ರೆಶ್ ಫುಡ್ ಕಂಪನಿಯು, ವಡೆ ಮಾಡುವವರಿಗೆ ಹಿಟ್ಟು ರುಬ್ಬುವುದಷ್ಟೇ ಅಲ್ಲ, ನಡುವೆ ತೂತು ಮಾಡಿ ಬಾಣಲೆಗೆ ಬಿಡುವುದೂ ಕಷ್ಟ ಎಂಬುದನ್ನು ಕಂಡುಕೊಂಡು, ಚೀಲವನ್ನು ಹಿಂಡಿದರೆ ತೂತಿನ ಸಮೇತ ವಡೆ ಬೀಳುವಂಥ ಮೂತಿಯನ್ನು ರೂಪಿಸಿತು. ಪ್ಯಾಕಿಂಗ್ ಉದ್ಯಮದಲ್ಲಿರುವ ನನ್ನಂಥವರ ಕಣ್ಣಿಗೆ ಇಡೀ ಡಿಸೈನ್ ಥಿಂಕಿಂಗ್ ಪಾಠ ಆ ಒಂದು ಮೂತಿಯಲ್ಲಿದೆ. ಕಾರ್ಯಾಗಾರದಲ್ಲಿ ಅದರ ಸುದ್ದಿಯೇ ಬರಲಿಲ್ಲ.

ಒಂದು ಕಥೆಯನ್ನು ಮಾತ್ರ ತರಬೇತುದಾರರಲ್ಲೊಬ್ಬರು ಚೆನ್ನಾಗಿ ಹೇಳಿದರು. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ತರಗತಿಯೊಂದರಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗಾಗಿ ಅಗ್ಗದ ಇನ್‌ಕ್ಯುಬೇಟರ್, ಅಂದರೆ ಶಿಶುವನ್ನು ಬೆಚ್ಚಗಿಡುವ ಯಂತ್ರ, ಮಾಡುವ ಕೆಲಸವನ್ನು ವಿದ್ಯಾರ್ಥಿಗಳ ತಂಡವೊಂದಕ್ಕೆ ವಹಿಸಲಾಯಿತು. ಅವರಲ್ಲೊಬ್ಬರು ನೇಪಾಳಕ್ಕೆ ಹೋಗಿ ನೋಡಿದಾಗ, ನಗರದ ಆಸ್ಪತ್ರೆಯಲ್ಲಿ ದಾನವಾಗಿ ಬಂದ ಯಂತ್ರಗಳು ಖಾಲಿ ಬಿದ್ದಿದ್ದವು. ಮಕ್ಕಳು ಸಾಯುತ್ತಿದ್ದದ್ದು ಆಸ್ಪತ್ರೆ ತಲುಪಲಾಗದ ಹಳ್ಳಿಗಳಲ್ಲಿ. ಹಾಗಾಗಿ ಅವರು ಯಂತ್ರವನ್ನು ಅಗ್ಗ ಮಾಡುವ ಯೋಚನೆ ಬಿಟ್ಟು, ಕರೆಂಟಿನ ಸತತ ಆಸರೆಯಿಲ್ಲದೆ ಗಂಟೆಗಟ್ಟಲೆ 37 ಡಿಗ್ರಿ ಶಾಖವನ್ನು ಹಿಡಿದಿಡುವ ಮೇಣದಂಥ ಪದಾರ್ಥದ ದಿಂಬನ್ನಿಟ್ಟ ಚಿಕ್ಕ ಮಲಗುಚೀಲವೊಂದನ್ನು ಮಾಡಿದರು. ಎಂಬ್ರೇಸ್ ಎಂಬ ಹೆಸರಿನ ಈ ತಂಡ ಮುಂದೆ ಬೆಂಗಳೂರಿಗೇ ಬಂದು ನೆಲೆಯೂರಿ ಕೆಲಸ ಮಾಡಿತು. ಇಲ್ಲಿನ ತಾಯಂದಿರ ಕೈಗೆ ಮಾದರಿಯನ್ನು ಕೊಟ್ಟಾಗ ಇನ್ನೊಂದು ಸಂಗತಿ ಹೊರಬಿತ್ತು. ಪಾಶ್ಚಾತ್ಯ ಔಷಧಗಳು ಮಗುವಿಗೆ ಬಹಳ ತೀಕ್ಷ್ಣ, ಆದ್ದರಿಂದ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಕೊಡಬೇಕು ಎಂದು ನಂಬಿದ್ದ ತಾಯಿಯೊಬ್ಬರು, ಈ ಚೀಲವನ್ನೂ ಸೂಚಿಸಿದ್ದಕ್ಕಿಂತ ಕಡಿಮೆ ಶಾಖಕ್ಕೇ ನಿಲ್ಲಿಸುವುದಾಗಿ ಹೇಳಿದರು. ಅಂಕಿಗಳ ಅಳತೆಪಟ್ಟಿಯನ್ನು ತೆಗೆದುಹಾಕಿ, ಶಾಖ ಸರಿಯಿದೆ ಅಥವಾ ಇಲ್ಲ ಎಂದಷ್ಟೇ ತೋರಿಸುವ ಗುರುತನ್ನು ಇಟ್ಟಾಗ ಆ ತೊಡಕು ನಿವಾರಣೆಯಾಯಿತು. ಗಾಣದ ಯಜಮಾನರು ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದವರು ಈ ಕಥೆ ಮುಗಿಯುವಷ್ಟರಲ್ಲಿ ಟಿಪ್ಪಣಿ ಬರೆದುಕೊಳ್ಳತೊಡಗಿದ್ದರು.

ಊಟದ ನಂತರ ನಮ್ಮನ್ನು ತಂಡಗಳಾಗಿ ವಿಂಗಡಿಸಿ ಸಭಾಂಗಣದಿಂದ ಹೊರಗೆ ಕಳಿಸಿದರು. ಇಡೀ ಕಾರ್ಯಾಗಾರದಲ್ಲಿ ಅತ್ಯುತ್ತಮವಾದ ಭಾಗ ಇದೇ. ನಮ್ಮ ತಂಡದಲ್ಲಿ ಖಡಕ್ ರೊಟ್ಟಿ ಮತ್ತು ಚಟ್ನಿಪುಡಿ ಮಾರುವ ಒಬ್ಬ ಮಹಿಳೆಯಿದ್ದರು. ಹತ್ತಾರು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿರುವ ಅವರನ್ನು ತಂಡದವರೆಲ್ಲ 'ಅಕ್ಕಾರ' ಎಂದೇ ಕರೆಯುತ್ತಿದ್ದೆವು. ರೊಟ್ಟಿಯನ್ನು ಮೊಬೈಲ್ ಆ್ಯಪ್ ಮೂಲಕ ಮಾರಬೇಕೆಂಬುದು ಅವರು ಹೊತ್ತು ತಂದ ಯೋಚನೆ. ಆ್ಯಪ್ ಮಾಡಿಕೊಡುತ್ತೇವೆಂದು ಯಾರೋ ಒಬ್ಬರು ಲಕ್ಷದ ಲೆಕ್ಕದಲ್ಲಿ ದರವನ್ನೂ ಹೇಳಿದ್ದರಂತೆ. ತರಬೇತುದಾರರು ಆ್ಯಪಿನ ಬಗ್ಗೆ ಸರಿಯೆಂದೂ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. 'ನಿಮ್ಮ ರೊಟ್ಟಿ ಕೊಂಡವರ ಮನೆಗೆ ಹೋಗಿ, ಪ್ಯಾಕೆಟ್ ಒಡೆದ ಮೇಲೆ ಅದಕ್ಕೇನಾಗುತ್ತದೆ ನೋಡಿ ಬನ್ನಿ' ಎಂದಷ್ಟೇ ಹೇಳಿದರು.

ಅಕ್ಕಾರ ಫೋನ್ ಮಾಡಿ ಒಪ್ಪಿಸಿದ ಗಿರಾಕಿಗಳಲ್ಲಿ ಮೊದಲಿಗರು ಹತ್ತಿರದ ಪಿ.ಜಿ.ಯೊಂದರಲ್ಲಿದ್ದ ನರ್ಸ್. ರೊಟ್ಟಿ ಹೇಗಿದೆ, ಏನಾದರೂ ತೊಂದರೆಯಿದೆಯೇ ಎಂದು ಕೇಳಿದರೆ, ಎಲ್ಲ ಚೆನ್ನಾಗಿದೆ, ತೊಂದರೆಯೇನೂ ಇಲ್ಲ ಎಂದರು. ಅಲ್ಲಿಗೇ ಬಿಟ್ಟಿದ್ದರೆ ನಮ್ಮ ಕಾಗದದಲ್ಲಿ ಬರೆಯಲು ಏನೂ ಇರುತ್ತಿರಲಿಲ್ಲ. ಹೊಸ ಪ್ಯಾಕೆಟ್ಟನ್ನು ನಮ್ಮೆದುರಿಗೇ ಒಡೆದು, ಎಂದಿನಂತೆ ಎತ್ತಿಡುವಂತೆ ಕೇಳಿಕೊಂಡೆವು. ಅವರು ಪ್ಯಾಕೆಟ್ ಒಡೆದರು, ಎರಡೆರಡೇ ರೊಟ್ಟಿಗಳನ್ನು ತೆಗೆದು ಮೊಣಕಾಲ ಮೇಲಿಟ್ಟು ಪಟಪಟನೆ ಮುರಿದರು, ಮುರಿದ ಹೋಳುಗಳನ್ನು ಸ್ಟೀಲಿನ ಡಬ್ಬಿಗೆ ತುಂಬಿ, ಹಿಡಿಯದೆ ಉಳಿದವುಗಳನ್ನು ಅದೇ ಪ್ಯಾಕೆಟ್ಟಿನಲ್ಲಿ ಸುತ್ತಿ, ಇರುವೆ ಹತ್ತದಂತೆ ಗೋಡೆಯ ಮೊಳೆಗೆ ನೇತುಹಾಕಿದರು. ಡಬ್ಬಿಯ ತಳದಲ್ಲಿ ಹಿಂದಿನ ಪ್ಯಾಕೆಟ್ಟಿನ ಪುಡಿ ಎರಡು ಬೆರಳಿನಷ್ಟು ನಿಂತಿತ್ತು. ಅದೇಕೆ ಮುರಿಯುತ್ತೀರಿ ಎಂದು ಅಕ್ಕಾರ ಕೇಳಿದ್ದಕ್ಕೆ ಅವರು ನಗುತ್ತ, 'ರೊಟ್ಟಿ ಛಲೋ ಅದಾವ್ರೀ ಅಕ್ಕಾರ, ಆದ್ರ ಡಬ್ಬ್ಯಾಗ ಹಿಡಿಯಂಗಿಲ್ಲ' ಎಂದರು. ಮಳೆಗಾಲದಲ್ಲಿ ಮೊಳೆಗೆ ತೂಗುಹಾಕಿದ ರೊಟ್ಟಿ ಮರುದಿನವೇ ಮೆತ್ತಗಾಗುತ್ತದೆ ಎಂಬುದೂ ಆಮೇಲೆ ಮಾತಿಗೆ ಮಾತು ಸೇರಿ ತಿಳಿಯಿತು. ಎರಡನೆಯ ಮನೆಯಲ್ಲಿ, ಬೆಂಗಳೂರಿನಲ್ಲಿ ಓದುವ ಮಗನಿಗೆ ಬಸ್ಸಿನ ಪಾರ್ಸಲ್‌ನಲ್ಲಿ ರೊಟ್ಟಿ ಕಳಿಸುವ ತಾಯಿಯೊಬ್ಬರು, ಹೇಗೂ ಮುರಿದೇ ಹೋಗುವುದರಿಂದ ತಾವೇ ನಾಲ್ಕು ಹೋಳು ಮಾಡಿ ಕಳಿಸುವುದಾಗಿ ಹೇಳಿದರು.

ಆರ್ಡರ್ ಮಾಡುವುದು ಕಷ್ಟವೆಂದು ಇವರಲ್ಲಿ ಒಬ್ಬರೂ ಹೇಳಲಿಲ್ಲ. ಎಲ್ಲರೂ ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಬರೆದು ತರಿಸಿಕೊಳ್ಳುತ್ತಾರೆ. ಆ್ಯಪಿನ ಯೋಚನೆ ಪಿ.ಜಿ.ಯ ಮೆಟ್ಟಿಲಿಳಿಯುವಷ್ಟರಲ್ಲಿ ಬಿದ್ದುಹೋಯಿತು. ಒಂದು ಮಧ್ಯಾಹ್ನದ ತಿರುಗಾಟ ಲಕ್ಷ ರೂಪಾಯಿಯ ವ್ಯರ್ಥ ಖರ್ಚನ್ನು ತಪ್ಪಿಸಿತೆಂದರೆ ಉತ್ಪ್ರೇಕ್ಷೆಯಾಗದು. ಇಷ್ಟು ವರ್ಷ ರೊಟ್ಟಿ ಪ್ಯಾಕಿಂಗಿನ ಮಾತುಕತೆಗಳಲ್ಲಿ ನಾವು ಚೀಲ ಎಷ್ಟು ಮೈಕ್ರಾನ್ ದಪ್ಪವಿರಬೇಕು, ಗಾಳಿಯಾಡದಂತೆ ಸೀಲ್ ಹೇಗೆ ಮಾಡಬೇಕು ಎಂದು ಚರ್ಚಿಸುತ್ತ ಬಂದಿದ್ದೇವೆ. ಸೀಲ್ ಒಡೆದ ಮರುಕ್ಷಣದಿಂದ ಆರಂಭವಾಗುವ ಕಥೆಯನ್ನು ಯಾರೂ ಕೇಳುವುದಿಲ್ಲ. ನೋಡುವುದರ ಜೊತೆಗೆ, ಏನನ್ನು ನೋಡಬೇಕು, ಕೇಳುವಾಗ ಹೌದು-ಇಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳನ್ನು ಹೇಗೆ ಬಿಡಬೇಕು, ನಮ್ಮ ಸರಕನ್ನು ಸಮರ್ಥಿಸಿಕೊಳ್ಳದೆ ಹೇಗೆ ಸುಮ್ಮನಿರಬೇಕು ಎಂಬುದನ್ನು ಹೊರಡುವ ಮುನ್ನ ಅರ್ಧ ಗಂಟೆ ಅಭ್ಯಾಸ ಮಾಡಿಸಿದ್ದರು. ಆ ಅರ್ಧ ಗಂಟೆಯ ತಯಾರಿ ಇಲ್ಲದಿದ್ದರೆ ಅಕ್ಕಾರ ಖಂಡಿತ ನರ್ಸಮ್ಮನಿಗೆ ಗುರೆಳ್ಳು ಚಟ್ನಿ ಮಾರಿ ಬರುತ್ತಿದ್ದರು.

ಭಾನುವಾರ ಬೆಳಿಗ್ಗೆ ನೋಡಿದ್ದನ್ನೆಲ್ಲ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿ, ಒಂದು ವಾಕ್ಯದಲ್ಲಿ ಸಮಸ್ಯೆಯನ್ನು ಹಿಡಿಯುವ ಕೆಲಸ ನಡೆಯಿತು. ಬಣ್ಣದ ಚೀಟಿಗಳ ಬಗ್ಗೆ ಈ ವರ್ಗದವರಿಗೆ ಇರುವ ಮೋಹ ನನಗೆ ಅರ್ಥವಾಗುವುದಿಲ್ಲ, ಅದಿರಲಿ. ಪರಿಹಾರಗಳನ್ನು ಯೋಚಿಸುವ ಹಂತದಲ್ಲಿ ಮಾತ್ರ ಅವರು ಒಂದು ವಿವೇಕದ ಕ್ರಮವನ್ನು ಅನುಸರಿಸಿದರು. ಎಲ್ಲರೂ ಒಟ್ಟಾಗಿ ಕುಳಿತು ಬಾಯಿಗೆ ಬಂದದ್ದನ್ನು ಹೇಳುವ ಬ್ರೈನ್‌ಸ್ಟಾರ್ಮಿಂಗ್ ಪದ್ಧತಿಯನ್ನು ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬಾರ್ನ್ ಪ್ರಚಾರಕ್ಕೆ ತಂದ ಕೆಲವೇ ವರ್ಷಗಳಲ್ಲಿ, 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗ ಮಾಡಿ, ಅಷ್ಟೇ ಜನ ಬೇರೆಬೇರೆಯಾಗಿ ಕುಳಿತು ಯೋಚಿಸಿದಾಗ ಗುಂಪಿಗಿಂತ ಹೆಚ್ಚು ವಿಚಾರಗಳು ಹೊಳೆಯುತ್ತವೆ ಎಂದು ತೋರಿಸಿದ್ದರು. ಇಲ್ಲಿ ಮೊದಲು ಎಲ್ಲರೂ ಮೌನವಾಗಿ ತಮ್ಮ ತಮ್ಮ ಹಾಳೆಯಲ್ಲಿ ಬರೆದು, ಆಮೇಲೆ ಒಟ್ಟುಗೂಡಿ ಚರ್ಚಿಸಬೇಕಿತ್ತು. ಹೀಗಾಗಿ ದೊಡ್ಡ ದನಿಯವರ ಮಾತೇ ನಡೆಯುವ ನಮ್ಮ ಸಭೆಗಳ ಜಾಡ್ಯ ಇಲ್ಲಿ ಕಾಣಲಿಲ್ಲ. ತಂಡದಲ್ಲಿ ಅತಿ ಕಡಿಮೆ ಮಾತಾಡಿದ ಡಿಪ್ಲೊಮಾ ಹುಡುಗನ ಹಾಳೆಯಲ್ಲೇ 'ಡಬ್ಬಿಯ ಅಳತೆಗೆ ರೊಟ್ಟಿ' ಎಂಬ ಸಾಲು ಇತ್ತು.

ಮಾದರಿ ಮಾಡಿ ನೋಡುವ ಹಂತವೂ ಸೊಗಸಾಗಿ ನಡೆಯಿತು. ರಟ್ಟನ್ನು ಬೇರೆಬೇರೆ ಅಳತೆಯ ವೃತ್ತಗಳಾಗಿ ಕತ್ತರಿಸಿ, ಹೋಟೆಲಿನ ಅಡುಗೆಮನೆಯಿಂದ ತಂದ ಡಬ್ಬಿಗಳಲ್ಲಿ ಇಟ್ಟು ನೋಡಿದೆವು. ಅಕ್ಕಾರ ತಮ್ಮ ಘಟಕಕ್ಕೆ ಫೋನ್ ಮಾಡಿ, ಒಂದಿಷ್ಟು ಸಣ್ಣ ರೊಟ್ಟಿಗಳನ್ನು ಮಾಡಿಸಿ ಊಟದ ಹೊತ್ತಿಗೆ ತರಿಸಿಯೇಬಿಟ್ಟರು. ಹಿಂದಿನ ದಿನದ ನರ್ಸ್ ತಮ್ಮ ಡಬ್ಬಿಯಲ್ಲಿ ಅವನ್ನು ಮುರಿಯದೆ ಜೋಡಿಸಿದ ಫೋಟೊ ಕಳಿಸಿದಾಗ ತಂಡಕ್ಕೆಲ್ಲ ಗೆದ್ದ ಸಂತೋಷವಾಯಿತು. ತರಬೇತುದಾರರು ಚಪ್ಪಾಳೆ ತಟ್ಟಿಸಿದರು, ನಮ್ಮ ತಂಡಕ್ಕೆ ಬಹುಮಾನವನ್ನೂ ಕೊಟ್ಟರು.

ಕಾರ್ಯಾಗಾರದ ದೊಡ್ಡ ಕೊರತೆ ಇಲ್ಲಿಂದ ಆರಂಭವಾಗುತ್ತದೆ. ಚಪ್ಪಾಳೆ ಮುಗಿದ ಮೇಲೆ ಚಹಾ ಕುಡಿಯುತ್ತ ಅಕ್ಕಾರ ಕೇಳಿದ ಪ್ರಶ್ನೆಗೆ ವೇದಿಕೆಯಲ್ಲಿದ್ದವರಿಂದ ಉತ್ತರ ಬರಲಿಲ್ಲ. ಅವರ ಘಟಕದಲ್ಲಿ ಹೆಣ್ಣುಮಕ್ಕಳಿಗೆ ಕೂಲಿ ರೊಟ್ಟಿಯ ಲೆಕ್ಕದಲ್ಲಿ ಸಲ್ಲುತ್ತದೆ, ಗಿರಾಕಿಗೆ ರೊಟ್ಟಿ ತೂಕದ ಲೆಕ್ಕದಲ್ಲಿ ಹೋಗುತ್ತದೆ. ಉದಾಹರಣೆಗೆ ದೊಡ್ಡ ರೊಟ್ಟಿಯ ವ್ಯಾಸ 10 ಅಂಗುಲ, ಸಣ್ಣದರದು 7 ಅಂಗುಲ ಎಂದಿಟ್ಟುಕೊಂಡರೆ, ದಪ್ಪ ಒಂದೇ ಇರುವಾಗ ಸಣ್ಣ ರೊಟ್ಟಿಗೆ ಹಿಡಿಯುವ ಹಿಟ್ಟು ದೊಡ್ಡದರ ಅರ್ಧದಷ್ಟು ಮಾತ್ರ. ಅಂದರೆ ಮೊದಲು 10 ರೊಟ್ಟಿ ತುಂಬುತ್ತಿದ್ದ ಪ್ಯಾಕೆಟ್ಟಿಗೆ ಈಗ 20 ರೊಟ್ಟಿ ಬೇಕು. ಬಡಿಯುವ ಕೂಲಿ ರೊಟ್ಟಿಯೊಂದಕ್ಕೆ 2 ರೂಪಾಯಿ ಎಂದು ಹಿಡಿದರೆ, ಪ್ಯಾಕೆಟ್ಟಿನ ಕೂಲಿ 20 ರೂಪಾಯಿಯಿಂದ 40ಕ್ಕೆ ಏರುತ್ತದೆ; ಸಣ್ಣ ರೊಟ್ಟಿಗೆ ಒಂದೂವರೆ ರೂಪಾಯಿ ಎಂದು ಚೌಕಾಸಿ ಮಾಡಿದರೂ 30ಕ್ಕೆ ನಿಲ್ಲುತ್ತದೆ. ಚೌಕಾಸಿಯೂ ನ್ಯಾಯವಲ್ಲ, ಹಿಟ್ಟು ನಾದಿ ಉಂಡೆ ಮಾಡುವುದು, ಬಡಿದು ಹಂಚಿಗೆ ಹಾಕುವುದು, ನೀರು ಸವರಿ ಮಗುಚುವುದು, ಖಡಕ್ಕಾಗುವವರೆಗೆ ಒತ್ತಿ ಒಣಗಿಸುವುದು ಎಲ್ಲವೂ ರೊಟ್ಟಿಯ ಅಳತೆ ಇಳಿದಷ್ಟು ಇಳಿಯುವ ಶ್ರಮವಲ್ಲ. ಹಂಚಿನ ಮೇಲೆ ಒಂದೊಂದು ರೊಟ್ಟಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕಾಗುವುದರಿಂದ ಗ್ಯಾಸಿನ ಖರ್ಚೂ ಏರುತ್ತದೆ. 'ಗಿರಾಕಿ ಖುಷಿ ಆದ್ರು ಸರ, ಈ ಹೆಚ್ಚಿಂದು ಯಾರು ಕೊಡಬೇಕು?' ಎಂಬುದು ಅಕ್ಕಾರ ಕೇಳಿದ ಪ್ರಶ್ನೆ. ಅದು ಮುಂದಿನ ಹಂತದಲ್ಲಿ ತೀರ್ಮಾನವಾಗುತ್ತದೆ ಎಂಬ ಉತ್ತರ ಬಂತು. ಆ ಮುಂದಿನ ಹಂತ ಕಾರ್ಯಾಗಾರದ ವೇಳಾಪಟ್ಟಿಯಲ್ಲಿರಲಿಲ್ಲ.

ಮೂರು ವೃತ್ತಗಳ ಚಿತ್ರವನ್ನು ಮೊದಲ ದಿನವೇ ತೋರಿಸಿದವರು ಮೂರನೆಯ ವೃತ್ತಕ್ಕೆ ಒಂದು ಗಂಟೆಯನ್ನೂ ಕೊಡದೆ ಹೋದದ್ದು ಸಣ್ಣ ಲೋಪವಲ್ಲ. ಕಾರ್ಯಾಗಾರದ ಹೆಸರಿನಲ್ಲಿಯೇ ಹೊಸ ಉದ್ಯಮದ ಮಾತಿತ್ತು. ಜನರಿಗೆ ಬೇಕಾದದ್ದನ್ನು ಕಂಡುಹಿಡಿಯುವುದು ಉದ್ಯಮದ ಮೊದಲ ಅರ್ಧ; ಅದಕ್ಕೆ ಯಾರು, ಎಷ್ಟು, ಎಷ್ಟು ಸಲ ಹಣ ಕೊಡುತ್ತಾರೆ ಎಂಬುದು ಉಳಿದರ್ಧ. ಅವರೇ ಅಷ್ಟು ಚೆನ್ನಾಗಿ ಹೇಳಿದ ಎಂಬ್ರೇಸ್ ಕಥೆಯ ಉತ್ತರಾರ್ಧ ಇದನ್ನೇ ಕಲಿಸುತ್ತದೆ. ಆ ಚೀಲವನ್ನು ಬಳಸುವವಳು ತಾಯಿ, ಆದರೆ ಕೊಳ್ಳಬೇಕಾದವರು ಆಸ್ಪತ್ರೆಗಳು ಮತ್ತು ಸರ್ಕಾರಗಳು. ಹಣದ ಅಡಚಣೆಗಳನ್ನು ಎದುರಿಸಿದ ತಂಡ ಕೊನೆಗೆ 2015ರ ಸುಮಾರಿಗೆ ಅಮೆರಿಕದ ಅನುಕೂಲಸ್ಥ ತಂದೆತಾಯಿಯರಿಗೆ ಶಿಶುಗಳ ಉಡುಪು ಮಾರಿ, ಅದರ ಬಲದಿಂದ ಮೂಲ ಕೆಲಸವನ್ನು ಮುಂದುವರಿಸುವ ದಾರಿಯನ್ನು ಹುಡುಕಬೇಕಾಯಿತು. ಈ ಭಾಗವನ್ನು ಹೇಳಿದ್ದರೆ ಶೇಂಗಾ ಗಾಣದವರೂ ರೊಟ್ಟಿಯವರೂ ಇನ್ನಷ್ಟು ಗಮನವಿಟ್ಟು ಕೇಳುತ್ತಿದ್ದರು.

ಗೋದ್ರೆಜ್ ಅಂಡ್ ಬಾಯ್ಸ್ ಕಂಪನಿಯ ಛೋಟುಕೂಲ್ ಕೂಡ ಇಂಥ ತರಗತಿಗಳಲ್ಲಿ ಹೊಗಳಿಕೆಗೆ ಪಾತ್ರವಾಗುವ ವಸ್ತು. ಇಲ್ಲಿಯೂ ಅದರ ಚಿತ್ರ ಬಂದಿತ್ತು. ಫ್ರಿಜ್ ಕೊಳ್ಳಲಾಗದ ಗ್ರಾಮೀಣ ಮನೆಗಳನ್ನು ನೋಡಿ ಬಂದ ಮೇಲೆ, ಕಂಪ್ರೆಸರ್ ಇಲ್ಲದ, 12 ವೋಲ್ಟ್ ಬ್ಯಾಟರಿಯ ಮೇಲೂ ನಡೆಯುವ, ಮೇಲಿನಿಂದ ಮುಚ್ಚಳ ತೆರೆಯುವ, 8 ಕಿಲೋಗಿಂತ ಕಡಿಮೆ ತೂಕದ ಸುಮಾರು 43 ಲೀಟರಿನ ತಂಪು ಪೆಟ್ಟಿಗೆಯನ್ನು ಅವರು ರೂಪಿಸಿದರು. ಗಮನಿಸುವುದು, ಮಾದರಿ ಮಾಡುವುದು, ಹಳ್ಳಿಯವರ ಮಾತು ಕೇಳಿ ತಿದ್ದುವುದು ಎಲ್ಲವೂ ಶಾಸ್ತ್ರೋಕ್ತವಾಗಿಯೇ ನಡೆದಿತ್ತು. ಆದರೂ ಯಾರಿಗಾಗಿ ಮಾಡಿದ್ದರೋ ಆ ಮನೆಗಳು ನಿರೀಕ್ಷಿಸಿದಂತೆ ಕೊಳ್ಳಲಿಲ್ಲ. ಮುಂದೆ ಅದನ್ನು ಸಣ್ಣ ಅಂಗಡಿಗಳಿಗೆ, ಕಾರಿನಲ್ಲಿ ಪ್ರವಾಸ ಹೋಗುವ ಪಟ್ಟಣದವರಿಗೆ ಮಾರುವ ಪ್ರಯತ್ನ ನಡೆಯಿತು. ಇನ್ನೂ ಒಂದಿಷ್ಟು ಹಣ ಸೇರಿಸಿದರೆ ಹಳೆಯದಾದರೂ ಸರಿ, ಮಂಜುಗಡ್ಡೆ ಕಟ್ಟುವ ದೊಡ್ಡ ಫ್ರಿಜ್ಜೇ ಸಿಗುತ್ತದೆ ಎಂದು ಯೋಚಿಸುವುದು ನಮ್ಮ ಮನೆಗಳ ರೂಢಿಯೆಂದು ನನಗನ್ನಿಸುತ್ತದೆ. ಸ್ಲೈಡಿನಲ್ಲಿ ಮಾತ್ರ ಅದು ಬರೀ ಯಶಸ್ಸಿನ ಕಥೆಯಾಗಿತ್ತು.

ಇನ್ನೊಂದು ಮಾತನ್ನು ತರಬೇತುದಾರರು ಪದೇಪದೇ ಹೇಳಿದರು: ಐದು ಜನರೊಂದಿಗೆ ಮಾತಾಡಿದರೆ ಸಾಕು. ಈ ಐದರ ಲೆಕ್ಕ 2000ದಲ್ಲಿ ವೆಬ್‌ಸೈಟುಗಳ ಬಳಕೆಯ ಸುಲಭತೆಯನ್ನು ಪರೀಕ್ಷಿಸುವ ತಜ್ಞ ಜೇಕಬ್ ನೀಲ್ಸನ್ ಬರೆದದ್ದರಿಂದ ಪ್ರಸಿದ್ಧವಾಯಿತು. ಈಗಾಗಲೇ ಮಾಡಿಟ್ಟ ವೆಬ್‌ಸೈಟನ್ನೋ ಸಾಫ್ಟ್‌ವೇರನ್ನೋ ಐದು ಜನರಿಗೆ ಕೊಟ್ಟು ನೋಡಿದರೆ ಬಳಕೆಯ ತೊಡಕುಗಳಲ್ಲಿ ಶೇ 85ರಷ್ಟು ಹೊರಬೀಳುತ್ತವೆ ಎಂಬುದು ಅಲ್ಲಿನ ವಾದ. ಡಬ್ಬಿಯಲ್ಲಿ ರೊಟ್ಟಿ ಹಿಡಿಯುವುದಿಲ್ಲ ಎಂಬುದನ್ನು ಕಾಣಲು ಐದು ಮನೆಯೂ ಬೇಕಾಗಲಿಲ್ಲ, ನಿಜ. ಆದರೆ ಸಣ್ಣ ರೊಟ್ಟಿಗೆ ಕಿಲೋಗೆ ಇಷ್ಟು ಹೆಚ್ಚು ಕೊಡುವವರು ಊರಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದನ್ನು ಐದು ಜನ ಹೇಳಲಾರರು, ಐವತ್ತು ಜನ ಬಾಯಿಮಾತಿನಲ್ಲಿ ಹೇಳಿದರೂ ನಂಬುವಂತಿಲ್ಲ. ಎರಡೂ ಬಗೆಯ ಪ್ಯಾಕೆಟ್ಟುಗಳನ್ನು ಎರಡು ಬೆಲೆಗಳಲ್ಲಿ ದುರ್ಗದ ಬೈಲಿನ ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟು, ಯಾವುದು ಖಾಲಿಯಾಗುತ್ತದೆ ಎಂದು ಕಾಯಬೇಕು. ಈ ಎರಡು ಬಗೆಯ ಪರೀಕ್ಷೆಗಳ ಅಂತರವನ್ನು ತಿಳಿಸದೆ ಬಿಟ್ಟರೆ, ಐದು ಜನರ ಮೆಚ್ಚುಗೆಯನ್ನು ಮಾರುಕಟ್ಟೆಯೆಂದು ಬಗೆದು ಸಾಲ ಮಾಡುವವರೂ ಹುಟ್ಟಿಕೊಳ್ಳಬಹುದು. ಸಾಲದ ಮಾತು ಬಂದದ್ದರಿಂದ ಹೇಳುತ್ತೇನೆ: ಸಣ್ಣ ಆಹಾರ ಘಟಕಗಳಿಗಾಗಿ 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಸಾಲದ ಜೊತೆಗೆ ಯೋಜನಾ ವೆಚ್ಚದ ಶೇ 35ರಷ್ಟು ಸಹಾಯಧನ ಕೂಡಿಸುವ ಪಿ.ಎಂ.ಎಫ್.ಎಂ.ಇ. ಯೋಜನೆಯ ಬಗ್ಗೆ ಒಬ್ಬರು ಕೇಳಿದಾಗ, ಅಂಥದ್ದೊಂದು ಇರುವುದೇ ತರಬೇತುದಾರರಿಗೆ ಗೊತ್ತಿರಲಿಲ್ಲ.

ಉಳಿದ ತಂಡಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಟ್ರ್ಯಾಕ್ಟರ್ ಬಿಡಿಭಾಗದವರ ತಂಡವು, ಹೊಲದಲ್ಲಿ ಯಂತ್ರ ನಿಂತಾಗ ರೈತರು ಮುರಿದ ಭಾಗದ ಫೋಟೊ ಕಳಿಸಿದರೆ ಸಾಕು, ಹೆಸರು-ನಂಬರು ಬೇಡ ಎಂಬ ವ್ಯವಸ್ಥೆಯನ್ನು ಯೋಚಿಸಿತು. ಅದು ಸೋಮವಾರದಿಂದಲೇ ಖರ್ಚಿಲ್ಲದೆ ಆರಂಭಿಸಬಹುದಾದದ್ದು. ಯಾವ ವ್ಯಾಪಾರವೂ ಇಲ್ಲದೆ ಬಂದಿದ್ದ ಕಾಲೇಜು ಹುಡುಗರ ಎರಡು ತಂಡಗಳು ಎರಡು ಆ್ಯಪ್‌ಗಳ ಚಿತ್ರ ಬರೆದವು. ಅವರಿಗೆ ಹೋಗಿ ನೋಡಲು ಗಿರಾಕಿಗಳೇ ಇರಲಿಲ್ಲ; ಹೋಟೆಲಿನ ಎದುರು ನಿಂತು ದಾರಿಹೋಕರನ್ನು ಮಾತಾಡಿಸಿ ಬಂದರು. ಪದ್ಧತಿಯ ಮಿತಿ ಇದರಲ್ಲೇ ಸ್ಪಷ್ಟವಾಗಿತ್ತು.

ಸೌಕರ್ಯಗಳ ವಿಷಯದಲ್ಲಿ ದೂರಿಲ್ಲ. ಊಟ ರುಚಿಯಾಗಿತ್ತು, ಸಮಯಪಾಲನೆ ಇತ್ತು, ಮೂವತ್ತರ ಒಳಗಿನ ಸಂಖ್ಯೆಗೆ ಪ್ರವೇಶವನ್ನು ನಿಲ್ಲಿಸಿದ್ದರಿಂದ ಪ್ರತಿ ತಂಡಕ್ಕೂ ಗಮನ ಸಿಕ್ಕಿತು. ತರಬೇತುದಾರರಿಬ್ಬರೂ ಒಳ್ಳೆಯ ಕನ್ನಡದಲ್ಲಿ ಮಾತಾಡಿದರು. ಆದರೆ ಕಾರ್ಯಪುಸ್ತಿಕೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಹೊಲಿಗೆ ಕೇಂದ್ರದ ಮಹಿಳೆಯರು ಪ್ರತಿ ಪುಟಕ್ಕೂ ಪಕ್ಕದವರನ್ನು ಕೇಳಿ ಬರೆಯುತ್ತಿದ್ದರು. ಅರ್ಥವಾಗದ ಚೌಕಗಳನ್ನು ಹಾಗೆಯೇ ಬಿಡುತ್ತಿದ್ದರು. ಹುಬ್ಬಳ್ಳಿಯಲ್ಲಿ, ಕನ್ನಡದಲ್ಲಿ ನಡೆಯುತ್ತದೆಂದು ಪ್ರಕಟಿಸಿದ ಕಾರ್ಯಾಗಾರಕ್ಕೆ ಇದು ಶೋಭಿಸುವುದಿಲ್ಲ, ತಿದ್ದಲು ಹೆಚ್ಚು ಖರ್ಚೂ ಆಗದು. ಒಂದು ತಿಂಗಳ ನಂತರ ಆನ್‌ಲೈನ್ ಮೂಲಕ ಮತ್ತೆ ಭೇಟಿಯಾಗಿ ಪ್ರಗತಿ ವಿಚಾರಿಸುತ್ತೇವೆಂದು ಹೇಳಿದ್ದರು. ಆ ಸಭೆ ನಡೆಯಿತಾದರೂ ಬಹುಪಾಲು ಸಮಯ ಅವರ ಮುಂದಿನ, ಇದಕ್ಕಿಂತ ದುಬಾರಿಯಾದ ಮೂರು ತಿಂಗಳ ಕೋರ್ಸಿನ ಪರಿಚಯಕ್ಕೆ ಹೋಯಿತು. ಪ್ರಮಾಣಪತ್ರವನ್ನು ಕೊಡುತ್ತಾರೆ, ಬ್ಯಾಂಕಿನಲ್ಲಿ ಅದಕ್ಕೆ ಬೆಲೆಯಿಲ್ಲ.

ಹಾಗಾದರೆ ಯಾರು ಹೋಗಬೇಕು? ಆಹಾರ ಪದಾರ್ಥ, ಉಡುಪು, ದುರಸ್ತಿ, ಕೃಷಿ ಸಲಕರಣೆ ಹೀಗೆ ಕೈಯಲ್ಲಿ ಹಿಡಿಯುವ ಸರಕನ್ನೋ ಸೇವೆಯನ್ನೋ ಈಗಾಗಲೇ ಮಾರುತ್ತಿರುವವರು ಹೋಗಬಹುದು. ಒಬ್ಬರೇ ಹೋಗುವುದಕ್ಕಿಂತ ಲೆಕ್ಕ ನೋಡಿಕೊಳ್ಳುವವರನ್ನೂ ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು. ಹೊರಡುವ ಮುನ್ನ ಮೂರು-ನಾಲ್ಕು ಗಿರಾಕಿಗಳಿಗೆ ಹೇಳಿಟ್ಟು, ಶನಿವಾರ ಮಧ್ಯಾಹ್ನ ಅವರ ಮನೆಗೆ ಬರುವುದಾಗಿ ಒಪ್ಪಿಸಿಕೊಂಡಿರಬೇಕು. ವೆಚ್ಚದ ಪಟ್ಟಿಯನ್ನು, ಅಂದರೆ ಕಚ್ಚಾ ಸಾಮಗ್ರಿ, ಕೂಲಿ, ಇಂಧನ, ಪ್ಯಾಕಿಂಗ್, ಸಾಗಣೆ, ಅಂಗಡಿಯವರ ಕಮಿಷನ್ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಭಾನುವಾರ ಮಧ್ಯಾಹ್ನ ಮಾದರಿ ಸಿದ್ಧವಾದೊಡನೆ ಅದರ ಮುಂದಿಟ್ಟು ನೋಡಬೇಕು. ಕಾರ್ಯಾಗಾರ ಮಾಡಿಸದ ಈ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು. ಇಂಗ್ಲಿಷ್ ಓದಬಲ್ಲವರು, ಹಣ ಉಳಿಸಬೇಕೆಂದಿದ್ದರೆ, ಸ್ಟ್ಯಾನ್‌ಫರ್ಡ್ ಡಿ.ಸ್ಕೂಲ್ ಉಚಿತವಾಗಿ ಒದಗಿಸಿರುವ ಕಾರ್ಡುಗಳನ್ನು ಇಳಿಸಿಕೊಂಡು ಇದೇ ಹಂತಗಳನ್ನು ತಮ್ಮ ಊರಿನಲ್ಲೇ ನಡೆಸಿಕೊಳ್ಳಲು ಸಾಧ್ಯವಿದೆ. ಆದರೆ ಗಿರಾಕಿಯ ಮನೆಯಲ್ಲಿ ತನ್ನ ಸರಕನ್ನು ಸಮರ್ಥಿಸಿಕೊಳ್ಳದೆ ಸುಮ್ಮನೆ ಕುಳಿತು ನೋಡಲು, ಬಗಲಲ್ಲಿ ಹೊರಗಿನವರೊಬ್ಬರು ಇದ್ದು ತಡೆಯುವುದು ಬೇಕೇ ಬೇಕು ಎಂಬುದು ನನ್ನ ಅನಿಸಿಕೆ. ಶುಲ್ಕದ ಬಹುಭಾಗ ಸಲ್ಲುವುದು ಅದಕ್ಕೇ.

ಅಕ್ಕಾರ ಈಗ ದೊಡ್ಡ ರೊಟ್ಟಿಯ ವ್ಯಾಪಾರವನ್ನು ಹಾಗೆಯೇ ಇಟ್ಟುಕೊಂಡು, ಪಿ.ಜಿ. ಮತ್ತು ಪಾರ್ಸಲ್ ಗಿರಾಕಿಗಳಿಗೆ ಮಾತ್ರ ಸಣ್ಣ ರೊಟ್ಟಿಯನ್ನು ತೂಕದ ಬದಲು ಎಣಿಕೆಯ ಮೇಲೆ ಮಾರಲು ಆರಂಭಿಸಿದ್ದಾರೆ. ಹೆಣ್ಣುಮಕ್ಕಳ ಕೂಲಿಯನ್ನು ಇಳಿಸಿಲ್ಲ. ಅದಕ್ಕೆ ಬೇಕಾದ ದುಂಡನೆಯ, ಮತ್ತೆ ಮುಚ್ಚಬಹುದಾದ ಡಬ್ಬಿಯ ದರ ಕೇಳಿದ್ದಾರೆ. ಡಬ್ಬಿ ಸೇರಿಸಿದರೆ ಬೆಲೆ ಇನ್ನೂ ಏರುವುದರಿಂದ, ಸದ್ಯಕ್ಕೆ ಜಿಪ್ ಇರುವ ಚೀಲದಲ್ಲೇ ಒಂದು ಮಳೆಗಾಲ ನೋಡೋಣವೆಂದು ತೀರ್ಮಾನಿಸಿದ್ದೇವೆ.